ಕಾಲುವೆ ಅಂಚಿನ ಎರಡು ಎಕರೆ: ನಾಲ್ಕು ಇಂಗುಬಾವಿ ಸಾಕೇ?

ಪ್ರಶ್ನೆ: ನಮಸ್ಕಾರ. ಬೆಂಗಳೂರಿನ ಮಹದೇವಪುರ ಭಾಗದಲ್ಲಿ ಭೂಪರಿವರ್ತನೆಯಾಗಿರುವ ನಮ್ಮ ಎರಡು ಎಕರೆ ಜಮೀನಿನಲ್ಲಿ ವಸತಿ ಸಮುಚ್ಚಯ ಕಟ್ಟಲು ಸಿದ್ಧತೆ ನಡೆಸಿದ್ದೇವೆ. ಜಮೀನಿನ ತಗ್ಗಿನ ಅಂಚಿನಲ್ಲಿ, ಮಳೆಗಾಲದಲ್ಲಷ್ಟೇ ನೀರು ಹರಿಯುವ, ಈಗ ಪೊದೆ ಬೆಳೆದು ಮುಚ್ಚಿದಂತಿರುವ ಒಂದು ಸಣ್ಣ ಕಾಲುವೆಯಿದೆ. ಪಹಣಿಯಲ್ಲಿ ಅದರ ಪ್ರಸ್ತಾಪವಿಲ್ಲ, ನಾಲ್ಕು ಇಂಗುಬಾವಿ ತೋಡಿದರೆ ಸಾಕು ಎಂದು ಗುತ್ತಿಗೆದಾರರು ಹೇಳುತ್ತಿದ್ದಾರೆ. ಇದು ಸರಿಯೇ?

ಉತ್ತರ: ನಮಸ್ಕಾರ. ಪಹಣಿಯನ್ನಷ್ಟೇ ನೋಡಿ ಕಾಲುವೆ ಇಲ್ಲವೆಂದು ತೀರ್ಮಾನಿಸಬೇಡಿ. ಗ್ರಾಮ ನಕಾಶೆಯನ್ನೂ ಸರ್ವೆ ದಾಖಲೆಗಳನ್ನೂ ತೆಗೆಸಿ, ಅಲ್ಲಿ ಹಳ್ಳವನ್ನು ಗುರುತಿಸಿದ್ದಾರೆಯೇ, ಆ ಪಟ್ಟಿಯನ್ನು ‘ಬಿ’ ಖರಾಬಿಗೆ (ಸಾರ್ವಜನಿಕ ಬಳಕೆಗೆ ಮೀಸಲಾದ, ಸಾಗುವಳಿಗೆ ಸೇರದ ಜಮೀನಿಗೆ) ಸೇರಿಸಿದ್ದಾರೆಯೇ ಎಂದು ಪರಿಶೀಲಿಸಿ; ಸೇರಿಸಿದ್ದರೆ ಅದು ಸಾರ್ವಜನಿಕ ಜಾಗ. ಬೆಂಗಳೂರಿನ ನಗರ ಯೋಜನೆಯಾದ ಪರಿಷ್ಕೃತ ಮಹಾಯೋಜನೆ 2015ರ ಪ್ರಕಾರ ಪ್ರಾಥಮಿಕ, ದ್ವಿತೀಯ ಮತ್ತು ತೃತೀಯ (ದೊಡ್ಡ, ಮಧ್ಯಮ ಮತ್ತು ಸಣ್ಣ) ಕಾಲುವೆಗಳ ಮಧ್ಯರೇಖೆಯಿಂದ ಎರಡೂ ಬದಿಗೆ ಕ್ರಮವಾಗಿ 50, 25 ಮತ್ತು 15 ಮೀಟರ್ ಜಾಗವನ್ನು ಕಟ್ಟಡವಿಲ್ಲದೆ ಬಿಡಬೇಕಿತ್ತು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲಿ ಈ ಅಂತರಗಳನ್ನು ಹೆಚ್ಚಿಸಿತ್ತಾದರೂ ಸುಪ್ರೀಂ ಕೋರ್ಟ್ 2019ರ ಮಾರ್ಚ್‌ನಲ್ಲಿ ಆ ಆದೇಶವನ್ನು ರದ್ದುಪಡಿಸಿತು. ಹಳೆಯ ಲೇಖನಗಳಲ್ಲಿ ಎರಡೂ ಲೆಕ್ಕಗಳು ಕಲಸಿಹೋಗಿರುವುದರಿಂದ, ನಕ್ಷೆ ಸಲ್ಲಿಸುವ ದಿನಕ್ಕೆ ಜಾರಿಯಲ್ಲಿರುವ ಅಂತರವನ್ನು ಯೋಜನಾ ಪ್ರಾಧಿಕಾರದಿಂದ ಲಿಖಿತವಾಗಿ ಪಡೆಯಿರಿ. ಒಟ್ಟು ನಿರ್ಮಿತ ವಿಸ್ತೀರ್ಣ 20,000 ಚದರ ಮೀಟರ್ ಮುಟ್ಟುವುದಾದರೆ ಪರಿಸರ ಪೂರ್ವಾನುಮತಿಯೂ ಬೇಕು.

ಇನ್ನು ಇಂಗುಬಾವಿಯ ವಿಚಾರ. ನನ್ನ ತಕರಾರು ಇರುವುದೇ ಇಲ್ಲಿ. ಎರಡು ಎಕರೆಯೆಂದರೆ ಸುಮಾರು 8,094 ಚದರ ಮೀಟರ್. ಗಂಟೆಗೆ 60 ಮಿಲಿಮೀಟರ್‌ನಂತೆ ಒಂದು ಗಂಟೆ ಮಳೆ ಸುರಿಯಿತೆಂದುಕೊಳ್ಳಿ: ಬಯಲು ನೆಲದಲ್ಲಿ ನೂರಕ್ಕೆ ಮೂವತ್ತು ಪಾಲು ಹರಿದುಹೋಗುತ್ತಿದ್ದರೆ, ಚಾವಣಿ ಮತ್ತು ಕಾಂಕ್ರೀಟು ಆವರಿಸಿದ ಮೇಲೆ ಎಂಬತ್ತು ಪಾಲು ಹರಿಯುತ್ತದೆ. ಅಂದರೆ ಸೆಕೆಂಡಿಗೆ 40 ಲೀಟರಿನಷ್ಟಿದ್ದ ಹರಿವು 108 ಲೀಟರಿಗೆ ಏರಿ, ಆ ಒಂದೇ ಗಂಟೆಯಲ್ಲಿ ಸುಮಾರು 2.4 ಲಕ್ಷ ಲೀಟರ್ ಹೆಚ್ಚುವರಿ ನೀರು ಕೆಳಗಿನವರ ಪಾಲಾಗುತ್ತದೆ. ಮೂರು ಅಡಿ ವ್ಯಾಸದ, ಇಪ್ಪತ್ತು ಅಡಿ ಆಳದ ಒಂದು ಬಾವಿಯಲ್ಲಿ ಹಿಡಿಯುವುದು ನಾಲ್ಕು ಸಾವಿರ ಲೀಟರ್. ಮಳೆ ಸುರಿಯುತ್ತಿರುವಾಗಲೇ ಒಂದಿಷ್ಟು ಇಂಗುತ್ತದೆ, ನಿಜ. ಆದರೂ ನಾಲ್ಕು ಬಾವಿಗಳಿಗೆ ಈ ಹೊರೆ ಮೀರಿದ್ದು. ಅಂತರ್ಜಲಕ್ಕಾಗಿ ಬಾವಿ ಇರಲಿ, ಪ್ರವಾಹ ತಡೆಗೆ ಸಣ್ಣ ಹೊರಕಿಂಡಿಯಿರುವ ತಂಗುತೊಟ್ಟಿಯನ್ನು, ಅಂದರೆ ಮಳೆನೀರನ್ನು ಹಿಡಿದಿಟ್ಟು ನಿಧಾನವಾಗಿ ಹೊರಬಿಡುವ ತೊಟ್ಟಿಯನ್ನು, ಪ್ರತ್ಯೇಕವಾಗಿ ಕಟ್ಟಿಸಿ.

ಮರುಪ್ರಶ್ನೆ: ಬಳಕೆಗೆಂದು ದೊಡ್ಡ ಮಳೆನೀರು ಸಂಪು ಕಟ್ಟಿಸುವ ಯೋಚನೆ ಇದ್ದೇ ಇದೆ. ಅದನ್ನೇ ತಂಗುತೊಟ್ಟಿಯಾಗಿ ಬಳಸಬಹುದಲ್ಲವೇ? ಅಲ್ಲದೆ ನೆಲಮಾಳಿಗೆಯ ಅಗೆತ ಆಗಸ್ಟ್ ಕೊನೆಗೆ ಶುರುವಾಗಲಿದೆ.

ಉತ್ತರ: ಬಳಕೆಯ ಸಂಪು ತುಂಬಿರಬೇಕು, ತಂಗುತೊಟ್ಟಿ ಮಳೆಗೆ ಮುನ್ನ ಖಾಲಿಯಿರಬೇಕು. ಒಂದೇ ತೊಟ್ಟಿಯಾದರೆ ನಡುವೆ ಗೋಡೆ ಕಟ್ಟಿ ಭಾಗ ಮಾಡಿಸಿ. ಇಲ್ಲವಾದರೆ ಎರಡನೆಯ ದಿನದ ಮಳೆಗೇ ಅದು ಉಪಯೋಗಕ್ಕೆ ಬಾರದು.

ಬೆಂಗಳೂರಿನಲ್ಲಿ ಸೆಪ್ಟೆಂಬರ್ ಅತಿ ಹೆಚ್ಚು ಮಳೆಯ ತಿಂಗಳಾದ್ದರಿಂದ, ಸಾಧ್ಯವಿದ್ದರೆ ಅಗೆತವನ್ನು ಡಿಸೆಂಬರಿಗೆ ಮುಂದೂಡಿ. ಮುಂದೂಡಲು ಆಗದಿದ್ದರೆ, ಮೇಲಿನಿಂದ ಬರುವ ನೀರು ಗುಂಡಿಗೆ ಇಳಿಯದಂತೆ ಮೊದಲೇ ಬದುಗಾಲುವೆ ತೆಗೆದು, ಅಗೆದ ಕೆಮ್ಮಣ್ಣನ್ನು ಕಾಲುವೆಯಿಂದ ದೂರ ರಾಶಿ ಹಾಕಿ ಟಾರ್ಪಾಲಿನಿಂದ ಮುಚ್ಚಿಸಿ. ಗುಂಡಿಯ ಕೆಸರುನೀರನ್ನು ಪಂಪಿನಿಂದ ನೇರವಾಗಿ ಚರಂಡಿಗೆ ಬಿಡುವುದು ನಾನು ನಿವೇಶನಗಳಲ್ಲಿ ಅತಿ ಹೆಚ್ಚು ಕಂಡಿರುವ ತಪ್ಪು: ಆ ಹೂಳು ಮುಂದಿನ ಮೋರಿಯಲ್ಲಿ ಕೂತು, ಅಕ್ಕಪಕ್ಕದವರ ಮನೆಗೆ ನೀರು ನುಗ್ಗುತ್ತದೆ. ಎರಡು ಕೋಣೆಯ ಹೂಳುತೊಟ್ಟಿಯಲ್ಲಿ ನೀರು ತಿಳಿಯಾದ ಬಳಿಕವೇ ಹೊರಗೆ ಬಿಡಿ. ಈ ಕೆಲಸಗಳನ್ನು ಗುತ್ತಿಗೆ ಕರಾರಿನಲ್ಲಿ ದರಸಹಿತ ನಮೂದಿಸಿ, ಏಕೆಂದರೆ ಹಣ ನಿಗದಿಯಾಗದ ಹೂಳುತೊಟ್ಟಿಯನ್ನು ಯಾವ ಗುತ್ತಿಗೆದಾರರೂ ಖಾಲಿ ಮಾಡಿಸಿದ್ದನ್ನು ನಾನು ಕಂಡಿಲ್ಲ.