ಡೇರೆ ಗೆಡ್ಡೆ ಬಾಲ್ಕನಿಯಲ್ಲಿ ಕೊಳೆತುಹೋಯಿತು, ಮುಂದೇನು ಮಾಡಲಿ?

ಪ್ರಶ್ನೆ: ಮೂರನೇ ಮಹಡಿ
ಆಗಸ್ಟ್ 9

ಎಲ್ಲರಿಗೂ ನಮಸ್ಕಾರ. ನಾನು ಶಿರಸಿ ಸೀಮೆಯವಳು. 34 ವರ್ಷ ಅಲ್ಲಿಯೇ ಮನೆ, ಕೊಟ್ಟಿಗೆ, ಅಡಿಕೆ ತೋಟವೆಂದು ಕಳೆದವಳು, ಮೊಮ್ಮಗಳನ್ನು ನೋಡಿಕೊಳ್ಳುವ ಸಲುವಾಗಿ ಏಪ್ರಿಲ್‌ನಿಂದ ಬೆಂಗಳೂರಿನಲ್ಲಿ ಮಗನ ಫ್ಲ್ಯಾಟಿನಲ್ಲಿದ್ದೇನೆ. ಮಳೆಗಾಲ ಬಂತೆಂದರೆ ನಮ್ಮ ಕಡೆಯ ಹೆಂಗಸರಿಗೆ ಡೇರೆ, ಅಂದರೆ ಡೇಲಿಯ ಹೂವಿನ ಹುಚ್ಚು ಹೇಗೆ ಹಿಡಿಯುತ್ತದೆಂಬುದನ್ನು ಮಲೆನಾಡಿನವರಿಗೆ ವಿವರಿಸಬೇಕಾಗಿಲ್ಲ. ಮೃಗಶಿರಾ ಮಳೆಯ ಹೊತ್ತಿಗೆ ಗೆಡ್ಡೆಗಳನ್ನು ಅಟ್ಟದಿಂದ ಇಳಿಸಿ, ಪ್ಲಾಸ್ಟಿಕ್ ಕೊಟ್ಟೆಗಳಿಗೆ ಮಣ್ಣು ಗೊಬ್ಬರ ತುಂಬಿ ನೆಟ್ಟರೆ ಚೌತಿಯ ಆಸುಪಾಸಿಗೆ ಅಂಗಳದ ತುಂಬ ತಟ್ಟೆಯಗಲದ ಹೂವು. ಹೂವಿಗಿಂತ ಹೆಚ್ಚಾಗಿ, ಯಾರ ಮನೆಯಲ್ಲಿ ಯಾವ ಬಣ್ಣ ಅರಳಿತು, ಅದರ ಗೆಡ್ಡೆ ನನಗೆ ಸಿಗಬಹುದೇ ಎಂದು ಮಳೆಯಲ್ಲೇ ಕೊಡೆ ಹಿಡಿದು ಹೋಗುವ ಆ ತಿರುಗಾಟವೇ ನಮಗೆ ವರ್ಷದ ದೊಡ್ಡ ಸಂಭ್ರಮವಾಗಿತ್ತು.

ಈ ಸಲ ಬರುವಾಗ ಏಳು ಗೆಡ್ಡೆ ತಂದಿದ್ದೆ. ಜೂನ್ ಮೊದಲ ವಾರ ಬಾಲ್ಕನಿಯ ಕುಂಡಗಳಲ್ಲಿ ನೆಟ್ಟೆ. ನಾಲ್ಕು ಕೊಳೆತು, ಮುಟ್ಟಿದರೆ ಬೆಂದ ಗೆಣಸಿನ ಹಾಗೆ ಬೆರಳಿಗೆ ಅಂಟಿಕೊಂಡವು. ಒಂದು ಈವರೆಗೂ ಮೊಳೆತಿಲ್ಲ, ಕೆದಕಿ ನೋಡಿದರೆ ಗಟ್ಟಿಯಾಗಿಯೇ ಇದೆ. ಉಳಿದ ಎರಡು ಬಡಕಲಾಗಿ ಉದ್ದಕ್ಕೆ ಬೆಳೆದು ಗ್ರಿಲ್ಲಿನ ಕಡೆಗೆ ಬಾಗಿಕೊಂಡಿವೆ, ಮೊಗ್ಗಿನ ಸುಳಿವಿಲ್ಲ. ಬಾಲ್ಕನಿ ಪೂರ್ವಕ್ಕಿದೆ, ಬೆಳಿಗ್ಗೆ ಮೂರು ತಾಸು ಬಿಸಿಲು ಬೀಳುತ್ತದೆ. ಮಣ್ಣು ನರ್ಸರಿಯಿಂದ ಚೀಲದಲ್ಲಿ ತಂದದ್ದು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ತೆಂಗಿನ ನಾರಿನ ಪುಡಿಯೇ ಇದ್ದಂತೆ ಕಾಣುತ್ತದೆ.

ಗಿಡದ ವಿಷಯ ಇಷ್ಟು. ಇನ್ನೊಂದು ಮಾತನ್ನು ಕೇಳಲು ಸಂಕೋಚವಾಗುತ್ತದೆ. ಇಲ್ಲಿ ನನಗೆ ಕೆಟ್ಟವರು ಯಾರೂ ಸಿಕ್ಕಿಲ್ಲ. ಲಿಫ್ಟಿನಲ್ಲಿ ಎಲ್ಲರೂ ನಗುತ್ತಾರೆ, ಆದರೆ ಲಿಫ್ಟು ಕೆಳಗಿಳಿಯುವಷ್ಟರಲ್ಲಿ ಆ ನಗು ಮುಗಿದಿರುತ್ತದೆ. ಮೊಮ್ಮಗಳು ಶಾಲೆಗೆ ಹೋದ ಮೇಲೆ ಮಧ್ಯಾಹ್ನದವರೆಗೆ ಕೈಗೆ ಕೆಲಸವಿಲ್ಲ, ಬಾಯಿಗೆ ಮಾತಿಲ್ಲ. ನನ್ನಂತೆ ಊರು ಬಿಟ್ಟು ಬಂದವರು ಈ ಹೊತ್ತನ್ನು ಹೇಗೆ ತುಂಬಿಕೊಂಡಿರಿ?

ಉತ್ತರ: ತಾರಸಿ ಮೇಷ್ಟ್ರು
ಆಗಸ್ಟ್ 9

ಅಮ್ಮಾ, ನಮಸ್ಕಾರ. ನಾನು ನಿವೃತ್ತ ಜೀವಶಾಸ್ತ್ರ ಶಿಕ್ಷಕ, ಬೆಂಗಳೂರಿನ ತಾರಸಿಯ ಮೇಲೆ ಹನ್ನೊಂದು ವರ್ಷಗಳಿಂದ ಡೇಲಿಯ ಬೆಳೆಸುತ್ತಿದ್ದೇನೆ. ನಿಮ್ಮ ಕೈಯಲ್ಲಿ ದೋಷವಿಲ್ಲ. ಊರಿನ ಪಂಚಾಂಗವನ್ನು ಇಲ್ಲಿಗೂ ಹೊತ್ತು ತಂದಿರಿ, ಅಷ್ಟೇ. ಬಯಲುಸೀಮೆಯಲ್ಲಿ ಇದು ಚಳಿಗಾಲದ ಹೂವು. ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಒಳಗೆ ನೆಟ್ಟರೆ ಡಿಸೆಂಬರ್, ಜನವರಿಯಲ್ಲಿ, ಅಂದರೆ ಲಾಲ್‌ಬಾಗಿನ ಗಣರಾಜ್ಯೋತ್ಸವದ ಫಲಪುಷ್ಪ ಪ್ರದರ್ಶನದ ಹೊತ್ತಿಗೆ, ಹಗಲು ನಿಚ್ಚಳ ಬಿಸಿಲು ಮತ್ತು ರಾತ್ರಿ ತಂಪು ಎರಡೂ ಸಿಕ್ಕಿ ಹೂವು ತುಂಬಿ ಬರುತ್ತದೆ.

ಈ ಗಿಡದ ತವರು ಮೆಕ್ಸಿಕೋದ ಬೆಟ್ಟಗಳು. ಅಲ್ಲಿಂದ 1789ರಲ್ಲಿ ಮ್ಯಾಡ್ರಿಡ್‌ನ ಸಸ್ಯೋದ್ಯಾನಕ್ಕೆ ಬಂತು, ಸ್ವೀಡನ್ನಿನ ಸಸ್ಯವಿಜ್ಞಾನಿ ಆಂಡರ್ಸ್ ಡಾಲ್ ಅವರ ನೆನಪಿಗೆ ಡೇಲಿಯ ಎಂಬ ಹೆಸರು ಪಡೆಯಿತು, ನಿಮ್ಮ ಸೀಮೆಯ ಬಾಯಲ್ಲಿ ಅದೇ ಡೇರೆಯಾಯಿತು. ಈ ಕಥೆಯನ್ನು ಹೇಳುವುದಕ್ಕೆ ಕಾರಣವಿದೆ. ಬೆಟ್ಟದ ಇಳಿಜಾರಿನ ಗಿಡವಾದ್ದರಿಂದ ಅದಕ್ಕೆ ಮಳೆ ಬೇಕು, ಆದರೆ ಬಿದ್ದ ಮಳೆ ಬುಡದಲ್ಲಿ ನಿಲ್ಲಬಾರದು. ತೆಂಗಿನ ನಾರಿನ ಪುಡಿ ತನ್ನ ತೂಕದ ಹಲವು ಪಟ್ಟು ನೀರನ್ನು ಹಿಡಿದಿಟ್ಟುಕೊಳ್ಳುವುದರಿಂದ ಮೊಳಕೆ ಬರುವ ಮೊದಲೇ ಗೆಡ್ಡೆ ಕೊಳೆಯುತ್ತದೆ. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಪಾಲು ದಪ್ಪ ಮರಳು ಸಾಕು. ನಾರಿನ ಪುಡಿ ಒಂದು ಹಿಡಿ ಮೀರದಿರಲಿ. ಕುಂಡ 12 ಇಂಚಿಗೆ ಕಡಿಮೆಯಾಗಬಾರದು. ಮೊಳಕೆ ಮಣ್ಣಿನ ಮೇಲೆ ಕಾಣುವವರೆಗೆ ನೀರನ್ನು ಬರಿಯ ತೇವಕ್ಕೆಂದು ಚಿಮುಕಿಸಿದರೆ ಸಾಕು.

ಮೂರು ತಾಸಿನ ಬಿಸಿಲು ಮಾತ್ರ ಸಾಲದು, ಐದಾರು ತಾಸಾದರೂ ಬೇಕು. ಹಾಗಾಗಿ ಬಾಗಿರುವ ಆ ಎರಡು ಗಿಡಗಳನ್ನು ಬೈಯದೆ, ಅವುಗಳ ತುದಿಯಿಂದ ಮೂರು ಇಂಚಿನ ಎಳೆಯ ಕಡ್ಡಿಗಳನ್ನು ಗೆಣ್ಣಿನ ಕೆಳಗೆ ಕತ್ತರಿಸಿ ಒದ್ದೆ ಮರಳಿನಲ್ಲಿ ನೆರಳಿಗಿಡಿ. ಎರಡು ಮೂರು ವಾರದಲ್ಲಿ ಬೇರು ಬಿಡುತ್ತವೆ, ಅಕ್ಟೋಬರ್‌ಗೆ ಹೊಸ ಗಿಡ ಸಿದ್ಧವಾಗಿರುತ್ತದೆ. ತಾರಸಿಯಲ್ಲಿ ಒಂದು ಮೂಲೆಗಾಗಿ ಸಂಘದವರನ್ನು ಕೇಳಿ. ನೀರು ಸೋರುತ್ತದೆಂದು ಗೊಣಗಿದರೆ ಕುಂಡಗಳನ್ನು ಇಟ್ಟಿಗೆಯ ಮೇಲೆ ಎತ್ತಿಡುವೆನೆಂದು ಹೇಳಿ. ನಮ್ಮವರು ಒಪ್ಪುವುದಕ್ಕೆ ಎರಡು ವರ್ಷ ಹಿಡಿಯಿತು, ನಿಮ್ಮವರು ಅಷ್ಟು ಸತಾಯಿಸದಿರಲಿ.

ಹೊತ್ತು ಹೋಗುವ ಬಗೆ ಕೇಳಿದ್ದೀರಿ. ನನ್ನದು ಬೀಜದ ಗೀಳು. ಗೆಡ್ಡೆಯಿಂದ ಬೆಳೆದರೆ ತಾಯಿಯದೇ ಬಣ್ಣ ಬರುತ್ತದೆ, ಬೀಜದಿಂದ ಬೆಳೆದರೆ ಏನು ಬರುತ್ತದೆಂದು ಯಾರೂ ಹೇಳಲಾರರು. ನಮ್ಮ ಜೀವಕೋಶದಲ್ಲಿ ವರ್ಣತಂತುಗಳ ಎರಡು ಪ್ರತಿಗಳಿದ್ದರೆ ತೋಟದ ಡೇಲಿಯದಲ್ಲಿ ಎಂಟು ಪ್ರತಿಗಳಿರುತ್ತವೆ, ಅವು ಪ್ರತಿ ಬೀಜದಲ್ಲೂ ಹೊಸದಾಗಿ ಕಲೆಸಿ ಹಂಚಿದ ಇಸ್ಪೀಟು ಎಲೆಗಳಂತೆ ಸೇರಿಕೊಳ್ಳುತ್ತವೆ. ಕಳೆದ ವರ್ಷ ಇಪ್ಪತ್ತು ಬೀಜ ಬಿತ್ತಿದೆ. ಹದಿನೆಂಟು ಪೇಲವ, ಒಂದು ಸಾಧಾರಣ, ಒಂದು ಮಾತ್ರ ಒಳಗೆ ಅರಿಶಿನ, ಅಂಚಿಗೆ ಕುಂಕುಮ. ಆ ಒಂದನ್ನು ನೋಡಲು ನನ್ನ ಹೆಂಡತಿ ಪಕ್ಕದ ಮನೆಯವರನ್ನೆಲ್ಲ ತಾರಸಿ ಹತ್ತಿಸಿದಳು.

ಉತ್ತರ: ಖಾಲಿ ಕುಂಡ
ಆಗಸ್ಟ್ 10

ಗಿಡದ ಬಗ್ಗೆ ಮೇಷ್ಟ್ರು ಹೇಳಿದ್ದಾರೆ. ಗಿಡದಿಂದ ಗೆಳೆತನ ಬೆಳೆಯುತ್ತದೆಂಬ ಮಾತನ್ನು ಮಾತ್ರ ನಾನು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ನಮ್ಮ ಕಟ್ಟಡದ ವಾಟ್ಸ್‌ಆ್ಯಪ್ ಗುಂಪಿನಲ್ಲಿ, ಟೊಮೆಟೊ ಮತ್ತು ಬದನೆ ಸಸಿ ಬೇಕಾದವರು ನನ್ನ ಬಾಗಿಲ ಬಳಿಯಿಂದ ಒಯ್ಯಬಹುದೆಂದು ಬರೆದೆ. ಸಂಜೆಯೊಳಗೆ ಇಪ್ಪತ್ತು ಸಸಿಯೂ ಖಾಲಿ. ಕೈ ಮುಗಿದ ಚಿತ್ರಗಳು ಬಂದವು, ಬಾಗಿಲು ತಟ್ಟಿದವರು ಒಬ್ಬರೂ ಇಲ್ಲ. ಯಾವ ಸಸಿ ಯಾರ ಮನೆಯಲ್ಲಿದೆ, ಕಾಯಿ ಬಿಟ್ಟಿತೋ ಇಲ್ಲವೋ ಎಂಬುದು ನನಗೆ ಇಂದಿಗೂ ತಿಳಿಯದು.

ಉತ್ತರ: ಅಂಗಳದ ಮಣ್ಣು
ಆಗಸ್ಟ್ 10

ಅಕ್ಕಾ, ನಾನು ಸಾಗರದ ಕಡೆಯವಳು. ಮೊದಲು ನಿಮ್ಮ ಮೊಳೆಯದ ಗೆಡ್ಡೆಯ ವಿಷಯ ಹೇಳಿಬಿಡುತ್ತೇನೆ. ಅದು ಎಷ್ಟೇ ಗಟ್ಟಿಯಾಗಿರಲಿ, ಇನ್ನು ಮೊಳೆಯುವುದು ಅನುಮಾನ. ಆಲೂಗಡ್ಡೆಗೆ ಮೈತುಂಬ ಕಣ್ಣು. ಡೇರೆಗೆ ಕಣ್ಣಿರುವುದು ಕುತ್ತಿಗೆಯಲ್ಲಿ, ಹಳೆಯ ಕಾಂಡ ಸೇರುವ ಜಾಗದಲ್ಲಿ ಮಾತ್ರ. ಬುಟ್ಟಿಯಲ್ಲಿ ತರುವಾಗ ಕುತ್ತಿಗೆ ಮುರಿದಿದ್ದರೆ ಗೆಡ್ಡೆ ಬರಿಯ ಗೆಡ್ಡೆಯಾಗಿ ಉಳಿಯುತ್ತದೆ. ನಾವು ಹಂಚುವಾಗ ಕಾಂಡದ ಒಂದು ಸೀಳು ಪ್ರತಿ ಗೆಡ್ಡೆಗೂ ಅಂಟಿಕೊಂಡಿರುವಂತೆ ಕುಡುಗೋಲಿನಿಂದ ಸೀಳಿ, ಗಾಯಕ್ಕೆ ಬೂದಿ ಹಚ್ಚಿ ಕೊಡುತ್ತೇವೆ. ಗಿಡ ಸತ್ತ ಮೇಲೆ ಗೆಡ್ಡೆಯನ್ನು ಕೊಟ್ಟೆಯ ಒಣಮಣ್ಣಿನಲ್ಲೇ ಬಿಟ್ಟು ಮಳೆ ತಾಗದ ಕಡೆ ಸರಿಸಿಡುವವರೂ ಇದ್ದಾರೆ. ನನ್ನ ಅನುಭವದಲ್ಲಿ ಸೋಮಾರಿಗಳ ಆ ಕ್ರಮವೇ ಉತ್ತಮ, ಕುತ್ತಿಗೆ ಮುರಿಯುವ ಭಯವಿಲ್ಲ.

ಇನ್ನು ಮೇಲಿನವರ ಇಪ್ಪತ್ತು ಸಸಿಗಳ ವಿಷಯ. ಅವರಿಗೆ ಬೇಸರವಾಗಿರುವುದು ಸಹಜ, ಆದರೆ ನಮ್ಮ ಊರಿನಲ್ಲಿ ಗಿಡ ಓಡಾಡುವುದು ಹಾಗಲ್ಲ. ಅಲ್ಲಿ ಯಾರೂ ಗಿಡವನ್ನು ಬಾಗಿಲಲ್ಲಿಟ್ಟು ಒಯ್ಯಿರೆಂದು ಹೇಳುವುದಿಲ್ಲ, ಬೇಕಾದವರು ಹೋಗಿ ಕೇಳುತ್ತಾರೆ. ಕೇಳುವುದಕ್ಕೆ ಮೊದಲು ಜಗುಲಿಯಲ್ಲಿ ಕುಳಿತು ಒಂದು ಲೋಟ ಕಷಾಯ ಕುಡಿಯಬೇಕು, ಅವರ ಆಕಳು ಕರು ಹಾಕಿದ ಸುದ್ದಿ ಕೇಳಬೇಕು, ಹೂವನ್ನು ಹೊಗಳಬೇಕು, ಆಮೇಲೆ "ಒಂದು ಗೆಡ್ಡೆ ಆದರೆ ನೆನಪಿಡು ಮಾರಾಯ್ತಿ" ಎನ್ನಬೇಕು. ಗೆಡ್ಡೆ ಕೈಗೆ ಬರುವುದು ಮುಂದಿನ ಮೃಗಶಿರಕ್ಕೆ. ಅಷ್ಟರವರೆಗೆ ಆ ಮನೆಗೆ ಹೋಗಿ ಬರಲು ನಿಮಗೊಂದು ನೆಪವಿದೆ, ಅವರಿಗೂ ನಿಮ್ಮನ್ನು ಕರೆಯಲು ಒಂದು ನೆಪವಿದೆ. ಕೊಟ್ಟವರಿಗೆ ಗಿಡದ ಮೇಲೆ ಹಕ್ಕೂ ಇರುತ್ತದೆ. ನಮ್ಮ ಮನೆಯ ಡೇರೆಗಳಿಗೆ ಪುಸ್ತಕದ ಹೆಸರುಗಳಿಲ್ಲ; ದೊಡ್ಡತ್ತೆ ಹಳದಿ, ಅಂಚೆಮನೆ ಬಿಳಿ, ಕೆಳಗಿನಮನೆ ನೇರಳೆ ಎಂದೇ ಕರೆಯುತ್ತೇವೆ. ಹಳದಿ ಸೊರಗಿದರೆ ದೊಡ್ಡತ್ತೆ ಈಗಲೂ ಫೋನಿನಲ್ಲಿ ಬೈಯುತ್ತಾರೆ.

ಆದ್ದರಿಂದ ಅಕ್ಕಾ, ನಿಮ್ಮಲ್ಲಿರುವುದನ್ನು ಕೊಡಲು ಹೋಗಬೇಡಿ. ನಿಮ್ಮಲ್ಲಿ ಇಲ್ಲದಿರುವುದನ್ನು ಕೇಳಲು ಹೋಗಿ. ಯಾರ ಬಾಲ್ಕನಿಯಲ್ಲಿ ಏನಿದೆಯೆಂದು ಕೆಳಗೆ ನಿಂತು ಒಮ್ಮೆ ತಲೆಯೆತ್ತಿ ನೋಡಿ. ಕದ್ದ ಗಿಡ ಚೆನ್ನಾಗಿ ಬರುತ್ತದೆಂಬ ಮಾತು ನಮ್ಮಲ್ಲಿದೆಯಾದರೂ ಬೆಂಗಳೂರಿನಲ್ಲಿ ಕ್ಯಾಮೆರಾಗಳಿವೆ, ಕೇಳುವುದೇ ಕ್ಷೇಮ.

ಉತ್ತರ: ಪುಂಡಿನಾರು
ಆಗಸ್ಟ್ 12

ಕೈಗೆ ಕೆಲಸವಿಲ್ಲವೆಂಬ ಮಾತಿಗೆ ನಾನು ಉತ್ತರಿಸುತ್ತೇನೆ. ನಾನು ಶಿವಮೊಗ್ಗ ಜಿಲ್ಲೆಯವಳು. ನಮ್ಮ ದೀವರ ಸಮುದಾಯದ ಮನೆಗಳಲ್ಲಿ ಹಸೆ ಚಿತ್ತಾರವನ್ನು ಅಜ್ಜಿಯರು ಬರೆಯುತ್ತಿದ್ದರು. ನಾನು ಕಲಿತದ್ದು ನಲವತ್ತು ದಾಟಿದ ಮೇಲೆ, ಅದೂ ಅತ್ತೆಯ ಪಕ್ಕದಲ್ಲಿ ಕುಳಿತು. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಯ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಕುಂಚಕ್ಕೆ ಪುಂಡಿಯ ನಾರು. ಅಂಗಡಿಯಿಂದ ತರಬೇಕಾದ್ದು ಯಾವುದೂ ಇಲ್ಲ. ಮದುವೆಗೆ ಹಸೆಗೋಡೆ, ಭೂಮಿ ಹುಣ್ಣಿಮೆಗೆ ಭೂಮಣ್ಣಿ ಬುಟ್ಟಿ. ಬುಟ್ಟಿಗೆ ಸಗಣಿ, ಕೆಮ್ಮಣ್ಣು ಬಳಿದು ಒಣಗಿಸಿ ಚಿತ್ತಾರ ಬರೆದು, ಹುಣ್ಣಿಮೆಯ ಬೆಳಗಿನ ಜಾವ ಅದರಲ್ಲಿ ಅಡುಗೆ ತುಂಬಿಕೊಂಡು ಬಸುರಿ ಭೂಮಿಗೆ ಉಣಿಸಲು ಗದ್ದೆಗೆ ಹೋಗುತ್ತೇವೆ. ಗಿಡ ಮತ್ತು ಚಿತ್ರ ಎರಡು ಬೇರೆ ಹವ್ಯಾಸಗಳೆಂದು ನನಗೆ ಎಂದೂ ಅನಿಸದಿರುವುದಕ್ಕೆ ಈ ಬುಟ್ಟಿಯೇ ಕಾರಣ.

ಮೊದಲ ತಿಂಗಳು ನಾನು ಎಳೆದ ಗೆರೆಗಳು ಎರೆಹುಳುವಿನ ಹಾಗಿದ್ದವು. ನಾರಿನ ತುದಿಯನ್ನು ಜಜ್ಜಿ ಹದ ಮಾಡಬೇಕು, ಹಿಟ್ಟು ಗಟ್ಟಿಯಾದರೆ ಎಳೆ ತುಂಡಾಗುತ್ತದೆ, ನೀರಾದರೆ ಗೋಡೆಯ ಮೇಲಿಂದ ಇಳಿಯುತ್ತದೆ. ಅತ್ತೆ ಒಂದು ದಿನವೂ ತಪ್ಪೆಂದು ಹೇಳಲಿಲ್ಲ. ನನ್ನ ಎಳೆಯ ಪಕ್ಕದಲ್ಲಿ ತಮ್ಮದೊಂದು ಎಳೆಯನ್ನು ಸುಮ್ಮನೆ ಎಳೆದು ಎದ್ದು ಹೋಗುತ್ತಿದ್ದರು. ನೀವು ಇದನ್ನೇ ಕಲಿಯಬೇಕೆಂದಿಲ್ಲ. ನಿಮ್ಮ ಕೈಗೆ ಹಸೆಯ ಬದಲು ರಂಗೋಲಿಯೋ ಕಸೂತಿಯೋ ಒಗ್ಗಿರಬಹುದು. ಬಾಡುವ ಮೊದಲು ಹೂವನ್ನು ಮೊಮ್ಮಗಳ ಜೊತೆ ಕುಳಿತು ಬರೆದಿಡಿ, ಪಕ್ಕದಲ್ಲಿ ಅದನ್ನು ಕೊಟ್ಟವರ ಮನೆಯ ಹೆಸರನ್ನೂ ಬರೆಯಿರಿ. ಕುಂಡದ ಹೊರಮೈಗೆ ಕೆಮ್ಮಣ್ಣು ಬಳಿಯುವ ಆಸೆಯಾದರೆ ಮಾತ್ರ ನೀರು ತಾಗದ ಕುಂಡಕ್ಕೆ ಬಳಿಯಿರಿ, ನನ್ನ ಆರು ಕುಂಡಗಳ ಚಿತ್ತಾರ ಒಂದೇ ಮಳೆಗೆ ಅಂಗಳ ಸೇರಿತು.

ಮತ್ತೆ: ಮೂರನೇ ಮಹಡಿ
ಡಿಸೆಂಬರ್ 14

ಎಲ್ಲರಿಗೂ ಉತ್ತರಿಸಲು ನಾಲ್ಕು ತಿಂಗಳಾಯಿತು, ಕ್ಷಮಿಸಿ. ಸಂಘದವರು ತಾರಸಿಯಲ್ಲಿ ನೀರಿನ ಟ್ಯಾಂಕಿನ ಪಕ್ಕ ಎಂಟು ಕುಂಡಕ್ಕೆ ಜಾಗ ಕೊಟ್ಟಿದ್ದಾರೆ. ಐದು ಕಡ್ಡಿಗಳಲ್ಲಿ ಮೂರು ಬೇರು ಬಿಟ್ಟವು.

ಅಂಗಳದ ಮಣ್ಣು ಅವರ ಮಾತಿನಂತೆ ಕೆಳಗೆ ನಿಂತು ತಲೆಯೆತ್ತಿ ನೋಡಿದೆ. ಒಂದನೇ ಮಹಡಿಯ ಬಾಲ್ಕನಿಯಲ್ಲಿ ಹಳೆಯ ಬಕೆಟ್ಟಿನ ತುಂಬ ದೊಡ್ಡಪತ್ರೆ ಇತ್ತು. ಬಾಗಿಲು ತಟ್ಟಲು ಎರಡು ದಿನ ಧೈರ್ಯ ಸಾಲಲಿಲ್ಲ. ತೆರೆದವರು ನನ್ನದೇ ವಯಸ್ಸಿನವರು, ಕೊಯಮತ್ತೂರಿನ ಕಡೆಯವರು. ಅವರಿಗೆ ಕನ್ನಡ ಬಾರದು, ನನಗೆ ತಮಿಳು ಬಾರದು. ಎಲೆಯನ್ನು ತೋರಿಸಿದೆ. "ಕರ್ಪೂರವಲ್ಲಿ" ಎಂದರು. ನಾನು "ದೊಡ್ಡಪತ್ರೆ" ಎಂದೆ. ಇಬ್ಬರೂ ಎಲೆ ಹಿಸುಕಿ ಮೂಸಿದೆವು. ಅವರು ಕಡ್ಡಿ ಮುರಿದುಕೊಟ್ಟರು, ನಾನು ಮಾರನೆಯ ದಿನ ಅದೇ ಎಲೆಯ ತಂಬುಳಿ ಮಾಡಿ ಒಯ್ದೆ. ಅವರ ಮನೆಯಲ್ಲಿ ಆ ಎಲೆ ಕೆಮ್ಮು ನೆಗಡಿಗೆ ಮಾತ್ರವಂತೆ. ಮಜ್ಜಿಗೆಯಲ್ಲಿ ರುಬ್ಬಿ ಅನ್ನಕ್ಕೆ ಕಲಸಿಕೊಳ್ಳುವುದನ್ನು ಕಂಡು ಮೊದಲು ಅನುಮಾನಿಸಿದರು, ಆಮೇಲೆ ಪಾತ್ರೆಯನ್ನು ಖಾಲಿಯಾಗಿ ಹಿಂದಿರುಗಿಸಲಿಲ್ಲ. ಈಗ ಬೆಳಿಗ್ಗೆ ಹತ್ತಕ್ಕೆ ಇಬ್ಬರೂ ತಾರಸಿಯಲ್ಲಿರುತ್ತೇವೆ. ಅವರದು ನೆಲದ ಮೇಲೆ ಚುಕ್ಕಿ ಕೋಲಂ, ನನ್ನದು ಡೇರೆಗೆ ಕಡ್ಡಿ ಕಟ್ಟುವ ಕೆಲಸ. ಇಲ್ಲಿ ಅಡಿಕೆ ದಬ್ಬೆ ಎಲ್ಲಿಂದ ತರಲಿ, ಹಳೆಯ ಪರದೆಯ ಪೈಪು ಕಟ್ಟಿದ್ದೇನೆ.

ಮೂರು ಗಿಡಗಳಲ್ಲಿ ಒಂದಕ್ಕೆ ಮೊಗ್ಗು ಬಂದಿದೆ, ತುದಿಯಲ್ಲಿ ನಡುವೆ ಒಂದು, ಅಕ್ಕಪಕ್ಕ ಎರಡು. ಹೂವು ದೊಡ್ಡದಾಗಲು ಆ ಎರಡನ್ನು ಚಿವುಟಬೇಕೆಂದು ನನಗೆ ಗೊತ್ತು. ಆದರೆ ನಡುವಿನದು ಅಜ್ಜಿಯದು, ಪಕ್ಕದವೆರಡು ತನ್ನದು ಮತ್ತು ಕೆಳಗಿನ ಪಾಟಿಯದು ಎಂದು ಮೊಮ್ಮಗಳು ಆಗಲೇ ಹಂಚಿಬಿಟ್ಟಿದ್ದಾಳೆ, ಮೇಷ್ಟ್ರೇ. ಈ ಸಲ ಚಿಕ್ಕ ಹೂವೇ ಬರಲಿ.