ಗ್ಯಾರೇಜ್ ಮೇಲಿನ ಅಟ್ಟಕ್ಕೆ ಮೆಟ್ಟಿಲೋ ಏಣಿಯೋ? ಅನುಭವಸ್ಥರು ಹೇಳಿ

ಹೊಸಮನೆ: ಅಮೆರಿಕದಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ಮನೆಗೆ ಅಂಟಿಕೊಂಡ 24×24 ಅಡಿ ಗ್ಯಾರೇಜ್, ಗೋಡೆ 9 ಅಡಿ, 16 ಅಡಿಯ ಒಂದೇ ಬಾಗಿಲು, ಸರಿಯಾಗಿ ನಡುವೆ. ಮೇಲೆ ಆ್ಯಟಿಕ್ ಟ್ರಸ್ (ಮಾಡು ಹೊರುವ, ನಡುವೆ ಕೋಣೆಗೆ ಜಾಗ ಬಿಟ್ಟ ಮರದ ತ್ರಿಕೋನ ಚೌಕಟ್ಟು), ಎಡಗೋಡೆಯಿಂದ ಬಲಗೋಡೆಗೆ, 24 ಇಂಚಿಗೊಂದು. ನಡುವೆ 12 ಅಡಿ ಅಗಲದ ಜಾಗ ಸಿಗುತ್ತದೆ. ಸದ್ಯಕ್ಕೆ ಸಾಮಾನು, ಮುಂದೆ ನೆಂಟರು ಬಂದರೆ ಮಲಗುವ ಕೋಣೆ. ಎಡಗೋಡೆಗೆ ಒತ್ತಿಕೊಂಡು ಮೆಟ್ಟಿಲು ಹಾಕಿಸೋಣ ಅಂತ ನಾನು. ಎಳೆದು ಇಳಿಸುವ ಮಡಿಚೇಣಿ ಸಾಕು ಅಂತ ಕಂಟ್ರಾಕ್ಟರ್. ಟ್ರಸ್ ಆರ್ಡರ್ ಮುಂದಿನ ವಾರ ಹೋಗುತ್ತದೆ. ನಮ್ಮಲ್ಲಿ ಐಆರ್‌ಸಿ 2021 (ಮನೆ ಕಟ್ಟುವ ನಿಯಮಗಳ ಕೋಡ್) ಜಾರಿಯಲ್ಲಿದೆ.

ಅಡಿಕೋಲು: ಒಳಗೇ ನೇರ ಮೆಟ್ಟಿಲು. ಬೇರೆ ಮಾತೇ ಬೇಡ. ಕೋಡ್ ಎಲ್ಲರಿಗೂ ಗೊತ್ತಿರುವುದೇ: ರೈಸರ್ (ಒಂದು ಮೆಟ್ಟಿಲ ಎತ್ತರ) 7¾ ಇಂಚು ಮೀರಬಾರದು, ಟ್ರೆಡ್ (ಕಾಲಿಡುವ ಜಾಗದ ಆಳ) 10ಕ್ಕಿಂತ ಕೆಳಗಿಳಿಯಬಾರದು, ಅಗಲ 36, ತಲೆಯ ಮೇಲೆ ತೆರವು 6 ಅಡಿ 8. ಮುಗ್ಗರಿಸುವುದು ಇಲ್ಲಲ್ಲ, ಅಳತೆ ಹಿಡಿಯುವ ಜಾಗದಲ್ಲಿ.

9 ಅಡಿ ಗೋಡೆ ಅಂದರೆ ಪ್ಲೇಟ್ (ಮೇಲೆ ಕೆಳಗಿನ ಅಡ್ಡಮರ) ಸೇರಿ 109⅛ ಇಂಚು. ಅದರ ಮೇಲೆ ಟ್ರಸ್ಸಿನ ಕೆಳತೊಲೆ 11⅞ ಅಂತ ಹಿಡಿಯಿರಿ, ¾ ಹಲಗೆ. ಒಟ್ಟು 121¾. ಹದಿನಾರು ರೈಸರ್‌ಗೆ ಭಾಗಿಸಿದರೆ 7.61, ಖುಷಿಯೋ ಖುಷಿ. ಆದರೆ ಗ್ಯಾರೇಜ್ ನೆಲ ಬಾಗಿಲ ಕಡೆಗೆ ಇಳಿಜಾರು, ಅಡಿಗೆ 1/8 ಇಂಚಿನ ಲೆಕ್ಕ. ಮೆಟ್ಟಿಲ ತಲೆ ಹಿಂದುಗಡೆ, ಬುಡ ಮುಂದುಗಡೆ ಇದ್ದರೆ ಓಟ (ಮೆಟ್ಟಿಲು ಅಡ್ಡಕ್ಕೆ ಚಾಚುವ ಉದ್ದ) 15 ಟ್ರೆಡ್, ಅಂದರೆ 150 ಇಂಚು, ಹನ್ನೆರಡೂವರೆ ಅಡಿ. ಅಷ್ಟರಲ್ಲಿ ನೆಲ 1 9/16 ಇಂಚು ಕೆಳಗೆ ಹೋಗಿರುತ್ತದೆ. ಟೇಪನ್ನು ತಲೆಯ ಕೆಳಗೆ ನೇರ ಇಳಿಬಿಟ್ಟು ಅಳೆದವನ ಮೊದಲ ಮೆಟ್ಟಿಲು 9 ಇಂಚು ದಾಟುತ್ತದೆ. ಅತಿ ಎತ್ತರದ ರೈಸರ್‌ಗೂ ಅತಿ ಗಿಡ್ಡದಕ್ಕೂ 3/8ಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು, ಹಾಗಾಗಿ ಇನ್‌ಸ್ಪೆಕ್ಟರ್ ಅಲ್ಲೇ ಕೆಂಪು ಚೀಟಿ ಅಂಟಿಸುತ್ತಾನೆ. ಬುಡ ಊರುವ ಜಾಗದಲ್ಲಿ ಅಳೆಯಿರಿ: 123 5/16, ಹದಿನಾರಕ್ಕೆ ಭಾಗಿಸಿ 7.71. ಪಾಸ್, ಆದರೆ ಕೂದಲೆಳೆಯಲ್ಲಿ.

ಸ್ಟ್ರಿಂಗರ್ (ಮೆಟ್ಟಿಲು ಹೊರುವ ಓರೆ ಹಲಗೆ) ಬುಡವನ್ನು ಟ್ರೆಡ್ ಹಲಗೆಯ ದಪ್ಪದಷ್ಟು ಕುಯ್ಯುವುದು ಮರೆಯಬೇಡಿ. ಒಂದಿಂಚಿನ ಹಲಗೆಗೆ ಕುಯ್ಯದೇ ಬಿಟ್ಟರೆ ಕೆಳಗಿನದು 8.7, ಮೇಲಿನದು 6.7. ಟ್ರೆಡ್ 11 ಇಂಚಿಗಿಂತ ಕಮ್ಮಿ ಇದ್ದರೆ ಮೂಗು (ಕೆಳಮೆಟ್ಟಿಲ ಮೇಲೆ ಚಾಚುವ ಅಂಚು) ಬೇಕೇ ಬೇಕು, ¾ರಿಂದ 1¼.

ಮಡಿಚೇಣಿ: ಓಟ 150 ಇಂಚು, ಬುಡದ ಲ್ಯಾಂಡಿಂಗ್ (ನಿಲ್ಲುವ ಜಾಗ) 36, ಒಟ್ಟು 15 ಅಡಿ 6. ಅಗಲ ಡ್ರೈವಾಲ್ (ಜಿಪ್ಸಮ್ ಹಲಗೆ) ಸೇರಿ 38 ಇಂಚು. 49 ಚದರಡಿ ಕಾರಿನ ಜಾಗ ಹೋಯಿತು. ಮೇಲೆ ತೂತು ಎಷ್ಟುದ್ದ ಅಂತ ಯಾಕೆ ಹೇಳಲಿಲ್ಲ ಅಡಿಕೋಲು ಅವರೇ? ಸೂರಿನ ಡ್ರೈವಾಲ್ ಸೇರಿ ನೆಲದ ದಪ್ಪ 13¼, ತಲೆಗೆ 80, ಸೇರಿ 93¼. ನಿಮ್ಮದೇ 7.71ರ ಏರಿನಲ್ಲಿ ಅಷ್ಟು ಇಳಿಯಲು 121 ಇಂಚು ಓಟ ಬೇಕು. ಫಿನಿಶ್ ಏರುಪೇರಿಗೆ ಸೇರಿಸಿ ಹತ್ತೂವರೆ ಅಡಿ ತೆರೆಯಬೇಕು. ಮೇಲೂ 33 ಚದರಡಿ ಗೋವಿಂದ. ಎರಡು ಕಡೆ ಕಳೆದುಕೊಂಡು ಸಾಮಾನು ಎಲ್ಲಿ ಇಡುತ್ತೀರಿ, ಮೆಟ್ಟಿಲ ಮೇಲೋ?

ಮಡಿಚೇಣಿಗೆ ಬೇಕಾದ ತೂತು 22½×54 ಇಂಚು. ಟ್ರಸ್ 24 ಇಂಚಿಗೊಂದು ಇದ್ದರೆ ನಡುವಿನ ಸಂದು 22½, ಅಂದರೆ ಒಂದು ಟ್ರಸ್ಸೂ ಕಡಿಯದೆ ಸೀದಾ ಕೂರುತ್ತದೆ. 25½ ಅಗಲದ ತೂತಿಗೆ ಮಾಡಿದ್ದನ್ನು ಹೊತ್ತು ತಂದರೆ ಕೂರುವುದಿಲ್ಲ, ಮತ್ತೆ ಅಂಗಡಿಗೆ ನಡೆಯಿರಿ. ಚೌಕಟ್ಟಿಗೆ 16ಡಿ ಅಳತೆಯ ಮೊಳೆ ಅಥವಾ ¼×3 ಇಂಚಿನ ಲ್ಯಾಗ್ ಸ್ಕ್ರೂ (ಮರಕ್ಕೆ ಹಾಕುವ ದಪ್ಪ ಸ್ಕ್ರೂ). ಡ್ರೈವಾಲ್ ಸ್ಕ್ರೂ ಹಾಕಿದರೆ ಭಾರ ಬಿದ್ದಾಗ ಕತ್ತರಿಸಿ ಹೋಗುತ್ತದೆ, ಏಣಿ ಬೀಳುವುದೇ ಹಾಗೆ. ಕಾಲು ಕತ್ತರಿಸುವಾಗ ಮೂರೂ ತುಂಡುಗಳ ಕೀಲು ಮುಚ್ಚಿ ಒಂದೇ ಗೆರೆಯಲ್ಲಿರಬೇಕು. ಕೀಲಿನಲ್ಲಿ ಸಂದು ಉಳಿದರೆ ಪ್ರತಿ ಸಲ ಹತ್ತಿದಾಗಲೂ ಕೀಲು ಸೀಳುತ್ತಾ ಬರುತ್ತದೆ.

ಅಡಿಕೋಲು: 4×8 ಪ್ಲೈವುಡ್ಡನ್ನು 22 ಇಂಚಿನ ಸಂದಿನಲ್ಲಿ ಹೇಗೆ ತೂರಿಸುತ್ತೀರಿ ಅಂತ ಒಮ್ಮೆ ತೋರಿಸಿ ಸ್ವಾಮಿ.

ಮಡಿಚೇಣಿ: ಅಟ್ಟದ ಮೇಲೆ ಪ್ಲೈವುಡ್ ಯಾಕೆ ಬೇಕು? ಟ್ರಸ್ ಏರಿಸುವ ದಿನವೇ ಮೇಲಿಟ್ಟರೆ ಆಯಿತು.

ಬೆಂಕಿಬೇಲಿ: ಇಬ್ಬರೂ ಸಾಕು ಮಾಡಿ. ಮನೆಗೆ ಅಂಟಿದ ಗ್ಯಾರೇಜ್, ಮೇಲೆ ಮಲಗುವ ಕೋಣೆ. ಇಷ್ಟು ಬರೆದಿದ್ದರೂ ಬೆಂಕಿಯ ಮಾತು ಒಬ್ಬರ ಬಾಯಲ್ಲೂ ಇಲ್ಲ.

ಗ್ಯಾರೇಜಿನಿಂದ ಮಲಗುವ ಕೋಣೆಗೆ ನೇರ ಬಾಗಿಲು ಕೂಡದು. ತೆರೆದ ಮೆಟ್ಟಿಲು ಹತ್ತಿ ಮೇಲೊಂದು ಬಾಗಿಲು ತೆಗೆದರೆ ಹಾಸಿಗೆ ಅನ್ನುವ ನಕ್ಷೆ ಪರ್ಮಿಟ್ ಮೇಜಿನಲ್ಲೇ ವಾಪಸ್. ನಡುವೆ ಪಡಸಾಲೆಯಾದರೂ ಬೇಕು. ಬಾಗಿಲು 1⅜ ಇಂಚಿನ ಗಟ್ಟಿ ಮರದ್ದು, ಅಷ್ಟೇ ದಪ್ಪದ ಸ್ಟೀಲಿನದ್ದು, ಇಲ್ಲವೇ ಬೆಂಕಿಯನ್ನು 20 ನಿಮಿಷ ತಡೆಯುವ ರೇಟಿಂಗಿನದ್ದು, ತಾನೇ ಮುಚ್ಚಿಕೊಳ್ಳುವಂಥದ್ದು. ವಾಸದ ಕೋಣೆ ಮೇಲಿದ್ದರೆ ಗ್ಯಾರೇಜ್ ಸೂರಿಗೆ 5/8 ಇಂಚಿನ ಟೈಪ್ ಎಕ್ಸ್ (ಬೆಂಕಿ ತಡೆಯುವ ಜಿಪ್ಸಮ್ ಹಲಗೆ). ಇಷ್ಟು ಎಲ್ಲರೂ ಹಾಕುತ್ತಾರೆ. ಮರೆಯುವುದು ಆ ನೆಲವನ್ನು ಹೊತ್ತ ಗೋಡೆ, ಕಂಬ, ತೊಲೆ. ಅವಕ್ಕೂ ½ ಇಂಚಿನ ಜಿಪ್ಸಮ್ ಬೇಕು. ನಡುವೆ ಬರಿಮೈಯಲ್ಲಿ ನಿಂತ ಒಂದು ಕಂಬ ಇಡೀ ಗೋಡೆ ಪಾಸಾಗದಂತೆ ಮಾಡಬಲ್ಲದು. ಮೆಟ್ಟಿಲ ಅಡಿಯ ಗೂಡಿಗೆ ಬಾಗಿಲಿಟ್ಟರೆ ಒಳಮೈಗೂ ½ ಇಂಚು.

ಮಡಿಚೇಣಿಯವರೇ, ನಿಮ್ಮ ಏಣಿಯ ಅಡಿಯಲ್ಲಿರುವುದು ತೆಳ್ಳನೆಯ ಪ್ಲೈವುಡ್. ಸೂರಿನ ಜಿಪ್ಸಮ್ಮೇ ಬೆಂಕಿಯ ತಡೆ ಆಗಿರುವ ಕಡೆ ಅದನ್ನು ಕೂರಿಸುವುದೂ ಒಂದೇ, ತೂತು ಕೊರೆಯುವುದೂ ಒಂದೇ.

ಮಡಿಚೇಣಿ: ಗ್ಯಾರೇಜ್ ಅಟ್ಟಕ್ಕೂ ಮನೆ ಅಟ್ಟಕ್ಕೂ ಸಂಪರ್ಕ ಇಲ್ಲದಂತೆ ನಡುಗೋಡೆಯ ಜಿಪ್ಸಮ್ಮನ್ನು ಮಾಡಿನ ಹಲಗೆವರೆಗೆ ಎತ್ತಿದರೆ ಸೂರಿನಲ್ಲಿ ತಡೆ ಬೇಡ. ಅರ್ಧ ಕೋಡ್ ಓದಿ ಹೆದರಿಸಬೇಡಿ.

ಬೆಂಕಿಬೇಲಿ: ಅದು ಸಾಮಾನಿನ ಅಟ್ಟಕ್ಕೆ. ಕೇಳಿದವರು ನೆಂಟರನ್ನು ಮಲಗಿಸುತ್ತಾರೆ. ಏಣಿ ಹತ್ತಿಸಿ ಅತ್ತೆ ಮಾವನನ್ನು ಮಲಗಿಸುತ್ತೀರಾ?

ಸುರುಳಿ: ಸುರುಳಿ ಮೆಟ್ಟಿಲ ಹೆಸರನ್ನೇ ಯಾರೂ ಎತ್ತಲಿಲ್ಲ. ರೈಸರ್ 9½ ತನಕ ಬಿಡುತ್ತಾರೆ, ತಲೆಗೆ 6 ಅಡಿ 6 ಸಾಕು, ಅಗಲ 26 ಇಂಚು, ಒಳಅಂಚಿನಿಂದ 12 ಇಂಚಿನಲ್ಲಿ ಟ್ರೆಡ್ 6¾. 121¾ಕ್ಕೆ ಹದಿಮೂರು ರೈಸರ್, ತಲಾ 9.37. ಐದಡಿ ವ್ಯಾಸ, 20 ಚದರಡಿಯೊಳಗೆ ಮುಗಿಯಿತು. ಕಿಟ್ ಆರ್ಡರ್ ಮಾಡುವಾಗ ಎರಡು ಎಚ್ಚರ: ನೆಲದಿಂದ ನೆಲಕ್ಕೆ ಫಿನಿಶ್ ಆದ ಎತ್ತರವನ್ನೇ ಬರೆಯಿರಿ, ಮತ್ತು ಎಡಸುತ್ತೋ ಬಲಸುತ್ತೋ ನಿಮ್ಮ ಬಾಗಿಲಿನಿಂದ ನಿಂತು ನೋಡಿ ಹೇಳಿ. ಉಲ್ಟಾ ಬಂದರೆ ಕೊನೆಯ ಮೆಟ್ಟಿಲು ಗೋಡೆಗೆ ಮುಖ ಮಾಡುತ್ತದೆ. ವೆಲ್ಡ್ ಮಾಡಿದ್ದನ್ನು ತಿರುಗಿಸಲು ಬರುವುದಿಲ್ಲ.

ಅಡಿಕೋಲು: ತೂತು 64×64. ಅಂದರೆ ಎರಡು ಟ್ರಸ್ ಕಡಿತ. ಹಾಸಿಗೆ ಹೊತ್ತರೆ ಎರಡನೇ ಸುತ್ತಿನಲ್ಲಿ ಸಿಕ್ಕಿಕೊಳ್ಳುತ್ತದೆ. ಇಷ್ಟಾಗಿಯೂ ಹೆಮ್ಮೆ.

ಸುರುಳಿ: ಹಾಸಿಗೆ ಕಿಟಕಿಯಿಂದ ಏರಿಸುತ್ತಾರೆ. ಮಲಗುವ ಕೋಣೆಗೆ ಪಾರಾಗುವ ಕಿಟಕಿ ಹೇಗೂ ಬೇಕಲ್ಲ: ತೆರೆದ ಜಾಗ 5.7 ಚದರಡಿ, ಎತ್ತರ 24, ಅಗಲ 20 ಇಂಚಿಗೆ ಕಮ್ಮಿಯಿಲ್ಲ, ಹೊಸ್ತಿಲು ನೆಲದಿಂದ 44 ಇಂಚಿನೊಳಗೆ.

ಅಡಿಕೋಲು: 20×24 ಅಂದರೆ 3.3 ಚದರಡಿ. ಎರಡೂ ಕನಿಷ್ಠಗಳನ್ನು ಒಟ್ಟಿಗೆ ಹಿಡಿದು ಕಿಟಕಿ ತರುವವರು ಇದ್ದಾರೆ, ಸ್ಪಷ್ಟ ಬರೆಯಿರಿ. ಅಗಲ 20 ಇದ್ದರೆ ಎತ್ತರ 41 ದಾಟಬೇಕು.

ಹೊರಮೆಟ್ಟಿಲು: ಇಷ್ಟೆಲ್ಲ ಗೋಳಿಗೆ ಒಂದೇ ಮದ್ದು, ಮೆಟ್ಟಿಲು ಹೊರಗೆ. ಒಳಗೆ ಒಂದು ಚದರಡಿಯೂ ಹೋಗದು, ಸೂರಿನಲ್ಲಿ ತೂತಿಲ್ಲ, ಬೆಂಕಿಬೇಲಿಯವರ ಬಾಗಿಲ ಗೊಡವೆಯಿಲ್ಲ. ತಲೆಯಲ್ಲಿ 36 ಇಂಚಿನ ಲ್ಯಾಂಡಿಂಗ್, 30 ಇಂಚಿಗಿಂತ ಎತ್ತರವಾದ್ದರಿಂದ 36 ಇಂಚಿನ ಗಾರ್ಡ್ (ಬೀಳದಂತೆ ತಡೆಯುವ ಕಟಾಂಜನ), ಕಂಬಿಗಳ ಸಂದಿನಲ್ಲಿ 4 ಇಂಚಿನ ಚೆಂಡು ತೂರಬಾರದು. ರೈಸರ್ ತೆರೆದೇ ಬಿಟ್ಟರೆ ಅಲ್ಲೂ ಅದೇ ಚೆಂಡಿನ ಲೆಕ್ಕ. ಗೋಡೆಗೆ ಬಿಗಿಯುವ ಲೆಜರ್ ಹಲಗೆಯ ಮೇಲೆ ಬರುವ ಫ್ಲ್ಯಾಶಿಂಗ್ (ನೀರು ತಡೆಯುವ ತಗಡು) ಸೈಡಿಂಗ್ (ಹೊರಗೋಡೆಯ ಹೊದಿಕೆ) ಹಿಂದಕ್ಕೆ ಹೋಗಬೇಕು. ಸೈಡಿಂಗ್ ಮೇಲೆ ಅಂಟಿಸಿ ಸಿಲಿಕೋನ್ ಬಳಿದರೆ ನೀರು ಒಳಗಿಳಿದು ನೆಲದ ಅಂಚಿನ ರಿಮ್ ಹಲಗೆ ಕೊಳೆಯುತ್ತದೆ, ಮೇಲಿನಿಂದ ನೋಡಿದರೆ ಗೊತ್ತೇ ಆಗುವುದಿಲ್ಲ. ಕಂಬದ ಪಾಯ ನೆಲ ಹೆಪ್ಪುಗಟ್ಟುವ ಆಳದ ಕೆಳಗೆ.

ಮಡಿಚೇಣಿ: ಸೈಟಿನ ಗಡಿ? ಗಡಿಗೆ 5 ಅಡಿಯೊಳಗೆ ಚಾಚಿದರೆ ಅಡಿಮೈಗೆ ಒಂದು ಗಂಟೆಯ ಬೆಂಕಿ ರಕ್ಷಣೆ, 2 ಅಡಿಯೊಳಗೆ ಚಾಚುವಂತೆಯೇ ಇಲ್ಲ. ಊರಿನ ಸೆಟ್‌ಬ್ಯಾಕ್ (ಗಡಿಯಿಂದ ಬಿಡಬೇಕಾದ ದೂರ) ಇನ್ನೂ ಬೇರೆ. ಹಿಮ ಬಿದ್ದ ರಾತ್ರಿ ನೆಂಟರು ಬಚ್ಚಲಿಗೆ ಮನೆಗೆ ಬರಬೇಕು ಅಂದರೆ ನೆನೆಸಿಕೊಳ್ಳಿ.

ಗರಗಸ: ಇಷ್ಟು ತಲೆಬಿಸಿ ಯಾಕೆ? 8¼ ರೈಸರ್, 9 ಟ್ರೆಡ್ ಹಾಕಿ. ಹದಿನೈದು ರೈಸರ್, ಹದಿನಾಲ್ಕು ಟ್ರೆಡ್, ಓಟ 126ಕ್ಕೆ ಮುಗಿಯುತ್ತದೆ. ನಮ್ಮ ಕಡೆ ಎಲ್ಲ ಹೀಗೇ.

ಅಡಿಕೋಲು: ನಿಮ್ಮ ಕಡೆ ಪೆನ್ಸಿಲ್ವೇನಿಯಾ ಇರಬೇಕು. ಅಲ್ಲಿನ ತಿದ್ದುಪಡಿ ಅದು. ಕೇಳಿದವರ ಊರಲ್ಲಿ ಆ ತಿದ್ದುಪಡಿ ಇದೆಯೋ ಇಲ್ಲವೋ ತಿಳಿಯದೆ ಅಳತೆ ಹಂಚಬೇಡಿ.

ಗರಗಸ: ಸರಿ, ಹಾಗಾದರೆ ನಕ್ಷೆಯಲ್ಲಿ ‘ಸ್ಟೋರೇಜ್’ ಅಂತ ಬರೆಸಿ ಹಡಗಿನ ಏಣಿ (ಕಡಿದಾದ ಏಣಿಮೆಟ್ಟಿಲು) ಹಾಕಿ. ಟ್ರೆಡ್ 5 ಇಂಚು, ಅಗಲ 20. ಆಮೇಲೆ ಮಂಚ ಇಟ್ಟರೆ ಯಾರು ಕೇಳುತ್ತಾರೆ?

ಬೆಂಕಿಬೇಲಿ: ನೀವು ಚಾಪೆ ಕೆಳಗೆ ತೂರಿದರೆ ಇನ್‌ಸ್ಪೆಕ್ಟರ್ ರಂಗೋಲಿ ಕೆಳಗೆ ತೂರುತ್ತಾನೆ. ಹಡಗಿನ ಏಣಿಗೆ ಎರಡೂ ಬದಿ ಹ್ಯಾಂಡ್‌ರೇಲ್ ಬೇಕು, 200 ಚದರಡಿ ದಾಟಿದ ಜಾಗಕ್ಕೆ ಪಾರಾಗುವ ದಾರಿ ಅಂತ ಅದನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ. 12×24 ಜಾಗ 288 ಚದರಡಿ.

ತೊಲೆಗಂಬ: ಪ್ರಶ್ನೆಯನ್ನು ಯಾರಾದರೂ ಓದಿದಿರಾ? ಟ್ರಸ್ ಎಡದಿಂದ ಬಲಕ್ಕೆ. ನಿಲ್ಲಲು ಎತ್ತರ ಇರುವುದು ನಡುವಿನ 12 ಅಡಿಯಲ್ಲಿ, ಎರಡೂ ಪಕ್ಕ ಆರಾರು ಅಡಿ ಮಾಡಿನ ಇಳಿಜಾರು. ಎಡಗೋಡೆಗೆ ಒತ್ತಿ ಮೆಟ್ಟಿಲು ಏರಿಸಿದರೆ ತಲೆ ಹೋಗಿ ಸೇರುವುದು ಕೋಣೆಗಲ್ಲ, ಮೋಟುಗೋಡೆಯ ಹಿಂದಿನ ತ್ರಿಕೋನಕ್ಕೆ. ಅಲ್ಲಿ ಬೆಕ್ಕು ಕೂಡ ಬಗ್ಗಿ ನಡೆಯಬೇಕು. ಸಾಲದ್ದಕ್ಕೆ ಮೆಟ್ಟಿಲು ಟ್ರಸ್‌ಗಳಿಗೆ ಅಡ್ಡ, ಹತ್ತೂವರೆ ಅಡಿ ತೂತಿಗೆ ಐದು ಟ್ರಸ್ ಕಡಿಯಬೇಕು. ಇಂಜಿನಿಯರ್ ಒಪ್ಪಿಗೆಯಿಲ್ಲದೆ ಒಂದನ್ನೂ ಕಡಿಯುವಂತಿಲ್ಲ.

ಹಿಂಗೋಡೆಗೆ ಒತ್ತಿ, ಟ್ರಸ್‌ಗೆ ಸಮಾನಾಂತರವಾಗಿ ಹಾಕಿ. ಕಡಿಯುವುದು ಒಂದೇ ಟ್ರಸ್, ಅಕ್ಕಪಕ್ಕದ್ದನ್ನು ಗರ್ಡರ್ (ಹೆಚ್ಚು ಭಾರ ಹೊರುವ ಜೋಡಿ ಟ್ರಸ್) ಆಗಿ ಜೋಡಿಸಿ ಕಳಿಸಿ ಅಂತ ಆರ್ಡರ್‌ನಲ್ಲೇ ಬರೆಸಿ. 38 ಇಂಚು ಹೋದರೂ ಕಾರಿಗೆ 20 ಅಡಿ 10 ಇಂಚು ಉದ್ದ ಉಳಿಯುತ್ತದೆ. ನೇರ ಹಾಕಿದರೆ ತಲೆ ಎಡಗೋಡೆಯಿಂದ 15 ಅಡಿ 6ಕ್ಕೆ, ಬಲದ ಮೋಟುಗೋಡೆಗೆ ಎರಡೂವರೆ ಅಡಿ ಮಾತ್ರ. ಮೂರು ರೈಸರ್ ಏರಿ ಮೂಲೆಯಲ್ಲಿ 36×36 ಅಟ್ಟಣೆ ಇಟ್ಟು ತಿರುಗಿಸಿದರೆ ತಲೆ 13 ಅಡಿಗೆ, ಹೆಚ್ಚುಕಡಿಮೆ ಮಾಡಿನ ನಡುಬೆನ್ನಿನ ಕೆಳಗೇ ಬರುತ್ತದೆ. ಇದರಲ್ಲಿ ತೂತು ಎಡದ ಇಳಿಜಾರಿನೊಳಕ್ಕೂ ಚಾಚುತ್ತದೆ, ಅದನ್ನೂ ಟ್ರಸ್ ನಕ್ಷೆಯಲ್ಲಿ ತೋರಿಸಿ. ತಲೆಯಲ್ಲಿ ಬೇರೆ ಲ್ಯಾಂಡಿಂಗ್ ಬೇಡ, ಬಾಗಿಲು ಮೆಟ್ಟಿಲ ಮೇಲೆ ತೆರೆಯದಿದ್ದರೆ ಸಾಕು.

ಇನ್ನು ಭಾರ. ಬರೀ ಅಟ್ಟ ಅಂದರೆ ಕಂಪನಿಯವರು ಚದರಡಿಗೆ 20 ಪೌಂಡ್ ಹಿಡಿದು ಬಿಡುತ್ತಾರೆ. ಕಾಯಂ ಮೆಟ್ಟಿಲು ಬಂತೆಂದರೆ 30. ಮಲಗುವ ಕೋಣೆಗೂ 30, ಬೇರೆ ಕೋಣೆಗೆ 40. ಈಗಲೇ 40 ಕೇಳಿ. ಟ್ರಸ್ ಬಂದಿಳಿದ ಮೇಲೆ ಬದಲಿಸುವುದು ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ.

ಹೊಸಮನೆ: ತೊಲೆಗಂಬ ಅವರೇ, ಕೈಮುಗಿದೆ. ಟ್ರಸ್ ಅನ್ನೇ ಮುಂದಿನಿಂದ ಹಿಂದಕ್ಕೆ ತಿರುಗಿಸಿದರೆ ಎಡಗೋಡೆಯ ಮೆಟ್ಟಿಲು ಉಳಿಯುವುದಿಲ್ಲವೇ? ಗ್ಯಾರೇಜ್ ಚೌಕವೇ ಇದೆಯಲ್ಲ.

ತೊಲೆಗಂಬ: ಉಳಿಯುತ್ತದೆ, ಆದರೆ ಆಗ ಮಾಡು ಮತ್ತು ಅಟ್ಟದ ಅರ್ಧ ಭಾರ ಮುಂಗೋಡೆಗೆ ಬಂದು, ಅದರ ಬಹುಪಾಲು 16 ಅಡಿ ಬಾಗಿಲಿನ ಹೆಡರ್ (ಬಾಗಿಲ ಮೇಲಿನ ತೊಲೆ) ಮೇಲೆ ಕೂರುತ್ತದೆ. ಈಗ ಅದು ಪಕ್ಕದ ಗೋಡೆಗಳ ಮೇಲಿದೆ. ಹೆಡರ್ ಲೆಕ್ಕವನ್ನು ಹೊಸದಾಗಿ ಹಾಕಿಸಬೇಕು, ಆಳ ಹೆಚ್ಚಿದರೆ 9 ಅಡಿ ಗೋಡೆಯಲ್ಲಿ ಬಾಗಿಲ ಎತ್ತರ ತಗ್ಗಬಹುದು.

ಅಡಿಕೋಲು: ಹಿಂಗೋಡೆ ಅಂತ ಸುಲಭಕ್ಕೆ ಹೇಳಿಬಿಟ್ಟಿರಿ. ಮೂಲೆಯಲ್ಲಿ ತಿರುಗಿಸಿದರೆ ಬುಡದ ಮೂರು ರೈಸರ್ ಇಳಿಜಾರಿನ ಉದ್ದಕ್ಕೆ, ನೇರ ಹಾಕಿದರೆ ಅಡ್ಡಕ್ಕೆ. ಅಡ್ಡ ಬಂದರೆ 36 ಇಂಚು ಅಗಲದಲ್ಲಿ ಒಂದು ತುದಿಗೂ ಇನ್ನೊಂದಕ್ಕೂ 3/8 ವ್ಯತ್ಯಾಸ, ಇಡೀ ವಿನಾಯಿತಿಯನ್ನು ಒಂದೇ ಮೆಟ್ಟಿಲು ನುಂಗುತ್ತದೆ.

ತೊಲೆಗಂಬ: ಅದಕ್ಕೇ ಕಾಂಕ್ರೀಟ್ ಸುರಿಯುವಾಗ ಬುಡದ 36×36 ಜಾಗವನ್ನು ಮಟ್ಟಸವಾಗಿ ಬಿಡಿಸಬೇಕು.

ಅಡಿಕೋಲು: ಮಟ್ಟಸ ಬಿಟ್ಟ ಜಾಗದ ಅಂಚಿನಲ್ಲಿ ಎಡವಿಕೊಳ್ಳುವ ತುಟಿ ಏಳುತ್ತದೆ. ಅದರ ಮೇಲೆ ಕಾರಿನ ಚಕ್ರ ಹತ್ತುವುದಿಲ್ಲವೇ?

ತೊಲೆಗಂಬ: ಹಿಂಗೋಡೆಯ ಮೂಲೆಗೆ ಚಕ್ರ ಬಂದರೆ ಆಗಲೇ ಕಾರು ಮೆಟ್ಟಿಲು ಹತ್ತುತ್ತಿದೆ ಅಂತ ಅರ್ಥ.

ಗರಗಸ: ಬುಡದಲ್ಲಿ ನೆಲಕ್ಕೆ ತಾಗುವ ಹಲಗೆ ಪ್ರೆಷರ್ ಟ್ರೀಟೆಡ್ (ಕೊಳೆಯದಂತೆ ಮದ್ದು ಕುಡಿಸಿದ್ದು) ಇರಲಿ. ಅದನ್ನೂ ಯಾರೂ ಹೇಳಲಿಲ್ಲ, 8¼ ಅಂದದ್ದಕ್ಕೆ ಮಾತ್ರ ಎಲ್ಲರೂ ಮೈಮೇಲೆ ಬಂದಿರಿ.