ಕತ್ತಿ ಗುರುತು ಇದ್ದರೆ ಸಾಕಾ? ಮೈಸೆನ್ ಗೊಂಬೆ ಕೊಳ್ಳುವ ಮುನ್ನ

ಪ್ರಶ್ನೆ: ನಮಸ್ಕಾರ ಮೇಡಂ. ನಾವು ಲೈಪ್ಜಿಗ್‌ನಲ್ಲಿದ್ದೇವೆ. ಇಲ್ಲಿನ ಹಳೆ ಸಾಮಾನಿನ ಸಂತೆಯಲ್ಲಿ ಹೂಬುಟ್ಟಿ ಹಿಡಿದ ಹುಡುಗಿಯ ಪಿಂಗಾಣಿ ಗೊಂಬೆ ನೋಡಿದೆ. ತಳದಲ್ಲಿ ಎರಡು ನೀಲಿ ಕತ್ತಿ, ಪಕ್ಕದಲ್ಲಿ ಕೆತ್ತಿದ ನಾಲ್ಕು ಅಂಕಿ. ‘ಇದು ಮೈಸೆನ್, ಆ ಅಂಕಿಯೇ ತಯಾರಾದ ವರ್ಷ’ ಎನ್ನುತ್ತಾರೆ ಮಾರುವವರು. 900 ಯೂರೋ ಹೇಳಿದ್ದಾರೆ. ತಗೊಳ್ಳಬಹುದಾ?

ಉತ್ತರ (ಪಿಂಗಾಣಿ ರಿಪೇರಿ ಮಾಡುವವರು): ಸ್ವಲ್ಪ ತಾಳಿ. ಮೈಸೆನ್ ಅಂದರೆ ಜರ್ಮನಿಯ ಹಳೆಯ ಪಿಂಗಾಣಿ ಕಾರ್ಖಾನೆ, ಎರಡು ನೀಲಿ ಕತ್ತಿ ಅದರ ಗುರುತು. ಅಲ್ಲಿ ಕೆತ್ತಿದ ಅಂಕಿ ಅಚ್ಚಿನ ನಂಬರ್, ವರ್ಷ ಅಲ್ಲ. 1731ರಲ್ಲಿ ಅಲ್ಲಿಗೆ ಸೇರಿದ ಶಿಲ್ಪಿ ಕೆಂಡ್ಲರ್ ರೂಪಿಸಿದ ಗೊಂಬೆಗಳನ್ನು ಇವತ್ತಿಗೂ ಮಾಡುತ್ತಾರೆ. ಹಾಗಾಗಿ ಅಚ್ಚು ಹಳೆಯದಾದರೂ ಗೊಂಬೆ ಹಳೆಯದೇ ಆಗಬೇಕಿಲ್ಲ.

ಕತ್ತಿ ಗುರುತು 1720ರ ದಶಕದಿಂದ ಇದೆ, ನಕಲೂ ಧಾರಾಳವಾಗಿ ಆಗಿದೆ. ಪ್ಯಾರಿಸ್‌ನ ಸ್ಯಾಮ್ಸನ್ ಕಂಪನಿ 19ನೇ ಶತಮಾನದಲ್ಲಿ ಅದನ್ನೇ ಹೋಲುವ ಗುರುತು ಹಾಕುತ್ತಿತ್ತು. ಉಗುರಿನಿಂದ ಮೆಲ್ಲಗೆ ಸವರಿ ನೋಡಿ. ಅಸಲಿ ಗುರುತು ಸಾಮಾನ್ಯವಾಗಿ ಹೊಳಪಿನ ಪದರದ ಕೆಳಗಿರುತ್ತದೆ, ಉಗುರಿಗೆ ತಗಲುವುದಿಲ್ಲ. ಕತ್ತಿ ಅಲಗುಗಳ ತುದಿಗಳ ನಡುವೆ ಚುಕ್ಕೆ ಇದ್ದರೆ ಅದು 1924ರಿಂದ 1934ರ ನಡುವಿನದು. ಕತ್ತಿಗಳ ಮೇಲೆ ಅಡ್ಡ ಗೀರು ಎಳೆದಿದ್ದರೆ ಸಾಮಾನ್ಯವಾಗಿ ಅದು ಕಾರ್ಖಾನೆಯೇ ಎರಡನೇ ದರ್ಜೆ ಅಂತ ಬದಿಗಿಟ್ಟ ಮಾಲು, ಬೆಲೆ ಇಳಿಯುತ್ತದೆ.

ನಾನಂತೂ ತಳ ನೋಡುವ ಮೊದಲು ಕೈ ನೋಡುತ್ತೇನೆ. ಒಳ್ಳೆಯ ಮೈಸೆನ್ ಗೊಂಬೆಯಲ್ಲಿ ಬೆರಳುಗಳು ಬೇರೆ ಬೇರೆಯಾಗಿ ಬಿಡಿಸಿಕೊಂಡಿರುತ್ತವೆ. ಹುಬ್ಬಿನ ಕೂದಲನ್ನು ಎಳೆ ಎಳೆಯಾಗಿ ಬರೆದಿರುತ್ತಾರೆ. ಅಗ್ಗದ ನಕಲಿನಲ್ಲಿ ಬೆರಳೆಲ್ಲ ಒಂದೇ ಮುದ್ದೆ, ಹುಬ್ಬು ಒಂದೇ ಗೀಟು. ಗುರುತನ್ನು ಯಾರು ಬೇಕಾದರೂ ಬರೆಯಬಹುದು, ಈ ಕೈಕೆಲಸ ಕದಿಯೋದು ಕಷ್ಟ.

ಪ್ರಶ್ನೆ: ಮತ್ತೆ ಹೋಗಿ ನೋಡಿದೆ ಮೇಡಂ. ಗುರುತು ಉಗುರಿಗೆ ತಗಲಲಿಲ್ಲ, ಚುಕ್ಕೆಯೂ ಇದೆ. ಬೆರಳು ಚೆನ್ನಾಗಿವೆ, ಆದರೆ ಒಂದು ಮಾತ್ರ ಸ್ವಲ್ಪ ದಪ್ಪ ಅನಿಸಿತು.

ಉತ್ತರ: ಹಾಗಾದರೆ ಆ ಬೆರಳು ರಿಪೇರಿ ಆಗಿರಬಹುದು. ಗೊಂಬೆಗಳಲ್ಲಿ ಮೊದಲು ಮುರಿಯುವುದೇ ಬೆರಳು ಮತ್ತು ಹೂವಿನ ಎಸಳು. ಕತ್ತಲೆಯಲ್ಲಿ ಯುವಿ (ನೇರಳಾತೀತ ಬೆಳಕಿನ) ಟಾರ್ಚ್ ಹಿಡಿದು ನೋಡಿ, ಆಮೇಲೆ ಬಳಿದ ಬಣ್ಣ ಹೆಚ್ಚಾಗಿ ಬೇರೆ ಥರ ಹೊಳೆಯುತ್ತದೆ. ಕೈಗೂ ಗೊತ್ತಾಗುತ್ತದೆ: ಪಿಂಗಾಣಿ ತಣ್ಣಗಿರುತ್ತದೆ, ತುಂಬಿದ ಜಾಗ ಅಷ್ಟು ತಣ್ಣಗಿರಲ್ಲ.

ರಿಪೇರಿ ಆಗಿದ್ದರೆ ಗೊಂಬೆಯನ್ನು ಬಿಟ್ಟುಬಿಡಿ ಅಂತ ಹೇಳಲ್ಲ, ಮನಸ್ಸಿಗೆ ಹಿಡಿಸಿದ್ದರೆ ತಗೊಳ್ಳಿ. ಆದರೆ ಅದು ಹದಿನೆಂಟನೇ ಶತಮಾನದ್ದಲ್ಲ ಎಂಬುದನ್ನು ಆ ಚುಕ್ಕೆಯೇ ಹೇಳುತ್ತಿದೆ. ಅದನ್ನೂ ಬೆರಳನ್ನೂ ತೋರಿಸಿ ಚೌಕಾಸಿ ಮಾಡಿ. ಬಿಲ್ಲಿನಲ್ಲಿ ಕಾಲ ಮತ್ತು ರಿಪೇರಿ ಎರಡನ್ನೂ ಬರೆಸಿಕೊಳ್ಳಿ. ಮನೆಯಲ್ಲಿ ಬೆರಳು ಕಳಚಿದರೆ ಸೂಪರ್‌ಗ್ಲೂ ಹಾಕಬೇಡಿ. ತುಂಡನ್ನು ಹತ್ತಿಯಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟು, ರಿಪೇರಿ ಗೊತ್ತಿರುವವರ ಹತ್ತಿರ ಒಯ್ಯಿರಿ.